ಅಳೆದು ಸುರಿದ ಮುನ್ನೂರೆಂಟು

ಆಗಸ್ಟ್ ಹದಿನೇಳು ಬಂತೆಂದರೆ ಊರಿನವರಿಗೆ ಎರಡು ಸಂಗತಿ ಖಚಿತ. ಪತ್ರಿಕೆಯ ಐದನೇ ಪುಟದ ಎಡಮೂಲೆಯ ‘ಇದೇ ದಿನ, ಇದೇ ಆಕಾಶ’ ಎಂಬ ಅಂಕಣ ಅವತ್ತು ಎಂದಿಗಿಂತ ಎರಡು ಪಟ್ಟು ಉದ್ದವಿರುತ್ತದೆ. ಮತ್ತು ಅದರ ಕೊನೆಯ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ, ಮುನ್ನೂರೆಂಟು ಎಂಬ ಅಂಕಿ ಎದೆಯುಬ್ಬಿಸಿ ನಿಂತಿರುತ್ತದೆ.

ಅಂಕಣ ಬರೆಯುವವನು ಹವಾಮಾನ ಕೇಂದ್ರದಿಂದ ನಿವೃತ್ತನಾದ ವೀಕ್ಷಕ. ನಲವತ್ತು ವರ್ಷದ ಹಿಂದೆ ಇದೇ ದಿನ ಒಂದೇ ದಿನದಲ್ಲಿ ಮುನ್ನೂರೆಂಟು ಮಿಲಿಮೀಟರ್ ಮಳೆ ಸುರಿದಾಗ ಅದನ್ನು ಅಳೆದ ಮಹಾಪುರುಷ. ಅದಕ್ಕೂ ಮೊದಲು ಅವನಿಗೊಂದು ಹೆಸರಿತ್ತು. ಅಪ್ಪ ಅಮ್ಮ ಯೋಚಿಸಿ ಇಟ್ಟದ್ದೇ. ಆದರೆ ಆ ಮಳೆ ಅದನ್ನು ತೊಳೆದುಕೊಂಡು ಹೋಯಿತು. ಈಗ ಊರಿಗೆಲ್ಲ ಅವನು ಮುನ್ನೂರೆಂಟು. ಹಾಲಿನವನ ಚೀಟಿಯಲ್ಲಿ ಮುನ್ನೂರೆಂಟು, ಕ್ಷೌರಿಕನ ಬಾಯಲ್ಲಿ ಮುನ್ನೂರೆಂಟು, ಅಂಚೆಯವನಂತೂ ಒಮ್ಮೆ ಆ ಅಂಕಿಯನ್ನು ಮನೆ ನಂಬರೆಂದು ತಿಳಿದು ಮೂರು ಬೀದಿ ಸುತ್ತಿದ್ದ.

ಅವನ ಕೋಣೆಯಲ್ಲಿ ಬೂಟಿನ ರಟ್ಟಿನ ಪೆಟ್ಟಿಗೆಗಳು ಮುನ್ನೂರ ಅರವತ್ತಾರು. ವರ್ಷದ ಒಂದೊಂದು ತಾರೀಖಿಗೆ ಒಂದೊಂದು. ನಾಲ್ಕು ವರ್ಷಕ್ಕೊಮ್ಮೆ ಇಣುಕುವ ಫೆಬ್ರವರಿ ಇಪ್ಪತ್ತೊಂಬತ್ತಕ್ಕೂ ಅನ್ಯಾಯವಾಗಿಲ್ಲ. ಪ್ರತಿ ಪೆಟ್ಟಿಗೆಯಲ್ಲಿ ಆ ದಿನ ಆಕಾಶ ಮಾಡಿದ ಪುಂಡಾಟಗಳ ಚೀಟಿ. ಹದಿನೇಳನೆಯ ಆಗಸ್ಟಿನ ಪೆಟ್ಟಿಗೆಯನ್ನೇ ನೋಡಿ. ಎಪ್ಪತ್ತೊಂದು ವರ್ಷದ ಹಿಂದೆ ಇದೇ ದಿನ ಸುಂಟರಗಾಳಿಯೊಂದು ಅಂಚೆ ಕಚೇರಿಯ ಚಾವಣಿ ಎತ್ತಿ ಶಾಲೆಯ ಮೈದಾನದಲ್ಲಿಟ್ಟಿತು. ಒಳಗಿದ್ದ ಕಾಗದಗಳು ಮೂರು ಊರುಗಳಲ್ಲಿ ವಿಳಾಸ ಕೇಳದೆ ಬಟವಾಡೆಯಾದವು. ಐವತ್ತೆರಡು ವರ್ಷದ ಹಿಂದೆ ಇದೇ ದಿನ ಬಿದ್ದ ಮಂಜಿನಲ್ಲಿ ಬೆಳಗಿನ ಬಸ್ಸು ಒಂದು ಸುತ್ತು ಹಾಕಿ ಹೊರಟ ನಿಲ್ದಾಣಕ್ಕೇ ಬಂದು ನಿಂತಿತು. ಇಳಿದ ಇಬ್ಬರು ಅದನ್ನು ಪರವೂರೆಂದುಕೊಂಡು ತಮ್ಮ ಮನೆಗೇ ದಾರಿ ಕೇಳಿದರು. ಇವೆಲ್ಲ ಸಾಮಂತರು. ಚಕ್ರವರ್ತಿ ಮಾತ್ರ ಮುನ್ನೂರೆಂಟು.

“ಈ ಮನೇಲಿ ಮನುಷ್ಯರಿಗಿಂತ ತಾರೀಖುಗಳಿಗೇ ಜಾಗ ಜಾಸ್ತಿ” ಎಂಬುದು ಹೆಂಡತಿಯ ಶಾಶ್ವತ ಮುನ್ಸೂಚನೆ. ಹವಾಮಾನ ಕೇಂದ್ರದ ಮುನ್ಸೂಚನೆಗಳ ಹಾಗಲ್ಲದೆ ಅದು ಎಂದೂ ಸುಳ್ಳಾಗದಿರುವುದೇ ವಿಶೇಷ.

ಮಳೆಯಲ್ಲದೆ ಅವನಿಗೆ ಇನ್ನೊಂದು ದಾಖಲೆಯೂ ಇತ್ತು. ಮದುವೆಯ ಹಿಂದಿನ ಸಂಜೆ ಸಿಗರೇಟು ಬಿಟ್ಟವನು ಆಮೇಲೆ ಒಂದನ್ನೂ ಮುಟ್ಟಿಲ್ಲ ಎಂಬುದು. ಬಂಧುಬಳಗದ ಗಂಡಸರು ಕೆಮ್ಮಿದಾಗಲೆಲ್ಲ ಅವನು ಈ ದಾಖಲೆಯನ್ನು ಎತ್ತಿ ತೋರಿಸುತ್ತಿದ್ದ. ಆಗ ಹೆಂಡತಿ ಅವನನ್ನು ಒಮ್ಮೆ ನೋಡುತ್ತಿದ್ದಳು, ಅಷ್ಟೇ.

ಈ ವರ್ಷದ ಹದಿನೇಳರ ಬೆಳಿಗ್ಗೆಯೂ ಅಂಕಣ ಬಂತು, ಅಂಕಿ ಬಂತು. ಕ್ಷೌರಿಕ ಅಂಗಡಿಯಿಂದಲೇ ಕತ್ತರಿ ಎತ್ತಿ ಅಭಿನಂದಿಸಿದ. ಎದುರುಮನೆಯ ನಿವೃತ್ತ ಗುಮಾಸ್ತ ಬೇಲಿ ಹಿಡಿದುಕೊಂಡು, ಇಂಥ ಮಳೆ ಈಗೆಲ್ಲಿ ಸ್ವಾಮಿ, ಅಳೆಯೋರೂ ಇಲ್ಲ, ಬೀಳೋದೂ ಇಲ್ಲ ಎಂದು ಹೊಗಳಿದ. ಪ್ರತಿ ವರ್ಷ ಈ ಹೊಗಳಿಕೆಗೆ ಎರಡಿಂಚು ಬೆಳೆಯುತ್ತಿದ್ದ ನಮ್ಮ ವೀರ ಈ ವರ್ಷ ಪ್ರತಿಯೊಂದಕ್ಕೂ ಎರಡಿಂಚು ಕುಗ್ಗಿದ. ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ನಮೂನೆ ಇತ್ತು. ಅದು ಕೆಂಡದಂತೆ ಸುಡುತ್ತಿತ್ತು.

ನಿನ್ನೆ ಸಂಜೆ ಅದನ್ನು ತಂದವಳು ಪುರಸಭೆಯ ಎಂಜಿನಿಯರ್. ಸಣ್ಣ ವಯಸ್ಸು, ದೊಡ್ಡ ಕಡತ, ಕೆಸರು ಮೆತ್ತಿದ ಬೂಟು. ವಿಷಯ ಇಷ್ಟು. ಊರಿನ ನಡುವೆ ಹರಿಯುವ ಹಳ್ಳಕ್ಕೂ ತಗ್ಗು ಬೀದಿಗೂ ಮಧ್ಯೆ ತಡೆಗೋಡೆ ಕಟ್ಟಬೇಕು. ಊರಿಗೆ ಬಿದ್ದ ಅತಿ ದೊಡ್ಡ ಮಳೆ ಎಷ್ಟೋ ಅದರ ಮೇಲೆ ಗೋಡೆಯ ಎತ್ತರ. ಮುನ್ನೂರೆಂಟಾದರೆ ಆರು ಅಡಿ. ಆದರೆ ಮೇಲಿನ ಕಚೇರಿಯವರು ಆ ಅಂಕಿ ಬೇರೊಂದು ಲೆಕ್ಕಕ್ಕೆ ಹೊಂದುತ್ತಿಲ್ಲ ಎಂದು ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಅಳೆದವನು ಬದುಕಿದ್ದಾನಲ್ಲ, ಅವನಿಂದಲೇ ಬರೆಸಿಕೊಂಡು ಬಾ ಎಂದಿದ್ದಾರೆ.

“ನಾನೇ ಕಣ್ಣಾರೆ ಎಣಿಸಿ ಅಳೆದಿದ್ದೀನಿ, ಅಂಕಿ ಸರಿಯಾಗಿದೆ ಅಂತ ಒಂದು ಸಹಿ ಸರ್. ನಾಳೆ ಮೂರು ಗಂಟೆಗೆ ಬರ್ತೀನಿ. ಐದಕ್ಕೆ ನಕ್ಷೆ ಮೇಲಕ್ಕೆ ಹೋಗ್ಬೇಕು.”

“ಸಹಿ ಹಾಕದಿದ್ರೆ?”

“ಆ ದಿನಾನೇ ಪಟ್ಟಿಯಿಂದ ತೆಗೀತಾರೆ. ಅದರ ಕೆಳಗಿನ ದಾಖಲೆ ಇನ್ನೂರ ಹನ್ನೊಂದು. ಗೋಡೆ ನಾಲ್ಕಡಿ.” ಆಕೆ ನಕ್ಕಳು. “ಆದ್ರೆ ನೀವು ಯಾಕೆ ಹಾಕಲ್ಲ ಸರ್. ಊರೇ ನಿಮ್ಮನ್ನ ಆ ಅಂಕಿಯಿಂದ ಕರೆಯುತ್ತೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಮ್ಮ ಮುನ್ನೂರೆಂಟು ಜೇಬು ಮುಟ್ಟಿ ನೋಡಿಕೊಂಡ. ತಗ್ಗು ಬೀದಿಯಲ್ಲಿ, ಹಳೆಯ ಹಿಟ್ಟಿನ ಗಿರಣಿ ಇದ್ದ ಕಟ್ಟಡದಲ್ಲಿ, ಅವನ ಮಗಳು ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಮುಂದೆ ನಾಲ್ಕು ಯಂತ್ರ, ಹಿಂದೆ ಎರಡು ಕೋಣೆಯ ಸಂಸಾರ, ತೊಟ್ಟಿಲಲ್ಲಿ ಏಳು ತಿಂಗಳ ಮೊಮ್ಮಗಳು. ಎರಡು ತಿಂಗಳ ಹಿಂದೆ ಒಂದು ಸಂಜೆಯ ಮಳೆಗೇ ಹಳ್ಳದ ನೀರು ಹೊಸ್ತಿಲು ನೆಕ್ಕಿ ಹೋಗಿತ್ತು.

ಕಣ್ಣಾರೆ ಎಣಿಸಿ ಅಳೆದಿದ್ದೀನಿ. ಕಣ್ಣು ಹೌದು, ಅಳೆದದ್ದೂ ಹೌದು. ನಡುವಿನ ಆ ಒಂದು ಮಾತಿನಲ್ಲೇ ಇತ್ತು ಎಡವಟ್ಟು.

ನಲವತ್ತು ವರ್ಷದ ಹಿಂದಿನ ಆ ಬೆಳಿಗ್ಗೆ ಅವನಿಗೆ ಇಪ್ಪತ್ತನಾಲ್ಕು. ಮದುವೆಯಾಗಿ ಮೂರು ವಾರ. ಹವಾಮಾನ ಕೇಂದ್ರವೆಂದರೆ ನೀರಿನ ಟ್ಯಾಂಕಿನ ಪಕ್ಕದ ಒಂದು ಆವರಣ: ಒಂದು ಕೋಣೆಯ ಕಚೇರಿ, ಅದರ ಬೆನ್ನಿಗೆ ಅಂಟಿದ ವಸತಿಗೃಹ, ಅಂಗಳದಲ್ಲಿ ಮಳೆಮಾಪಕ, ಮತ್ತು ಕಾಲುಗಳ ಮೇಲೆ ನಿಂತ ಬಿಳಿ ಥರ್ಮಾಮೀಟರ್ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಊರಿನ ಅರ್ಧ ಜನ ಪಾರಿವಾಳದ ಗೂಡೆಂದೇ ತಿಳಿದಿದ್ದರು.

ಮಳೆ ಅಳೆಯುವುದು ಬ್ರಹ್ಮವಿದ್ಯೆಯೇನಲ್ಲ. ಮಾಪಕದ ಬಾಟಲಿಯಲ್ಲಿ ಶೇಖರವಾದ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿಯಬೇಕು. ಒಂದು ಲೋಟ ತುಂಬಿದರೆ ಇಪ್ಪತ್ತು ಮಿಲಿಮೀಟರ್. ತುಂಬಿಸು, ಎಣಿಸು, ಸುರಿ. ಬಾಟಲಿ ಖಾಲಿಯಾಗುವ ತನಕ. ಸುರಿದ ನೀರನ್ನು ಬಕೆಟ್ಟಿನಲ್ಲಿ ಇಟ್ಟುಕೊಂಡು ಇನ್ನೊಮ್ಮೆ ಅಳೆದು ಖಚಿತ ಮಾಡಿಕೊಳ್ಳಬೇಕೆಂಬುದು ನಿಯಮ. ಆ ದಿನ ಸರ್ಕಾರದ ಬಕೆಟ್ಟು ಹೊಸ ಸಂಸಾರದ ಸೋರುವ ಸೂರಿನ ಕೆಳಗೆ ತುರ್ತು ಸೇವೆಯಲ್ಲಿತ್ತು. ಅವನು ಅಳೆದ ನೀರನ್ನು ಅಂಗಳಕ್ಕೆ ಚೆಲ್ಲಿದ.

ಎಣಿಕೆ ತಪ್ಪಬಾರದೆಂದು ಅವನದ್ದೊಂದು ಸ್ವಂತ ಉಪಾಯವಿತ್ತು. ಬೆಂಕಿಪೊಟ್ಟಣದಿಂದ ಲೋಟಕ್ಕೊಂದು ಕಡ್ಡಿ ತೆಗೆದು, ಕಚೇರಿಯ ಕಿಟಕಿಯ ಒಳಗಟ್ಟೆಯ ಮೇಲೆ, ತಲೆಗಳೆಲ್ಲ ಒಂದೇ ಕಡೆ ಬರುವಂತೆ, ಸೈನಿಕರ ಹಾಗೆ ಸಾಲಾಗಿ ಮಲಗಿಸುವುದು. ಕಡ್ಡಿ ಇದೆಯಲ್ಲ ಎಂದು ತಲೆ ಎಣಿಕೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಕೂತಿತ್ತು. ಅರ್ಧ ಬಾಟಲಿ ಮುಗಿದಿರಬೇಕು, ಟ್ಯಾಂಕಿನ ಕಾವಲುಗಾರ ಆವರಣದ ಗೋಡೆ ಬಾಗ್ತಾ ಇದೆ, ಥರ್ಮಾಮೀಟರ್ ಮೇಲೆ ಬೀಳುತ್ತೆ ಎಂದು ಕಿರುಚಿಕೊಂಡ. ನಮ್ಮ ವೀರ ಬೆಂಕಿಪೊಟ್ಟಣವನ್ನು ಜೇಬಿಗೆ ತುರುಕಿ ಮಳೆಗೆ ಧುಮುಕಿದ. ಅರ್ಧ ಗಂಟೆ ಹಗ್ಗ ಎಳೆದು, ಪೆಟ್ಟಿಗೆಯನ್ನು ಆಚೆ ಸರಿಸಿ, ತೊಪ್ಪೆಯಾಗಿ ಮರಳಿದ. ಬಾಟಲಿ ಇತ್ತು. ಲೋಟ ಇತ್ತು. ಕಿಟಕಿಯ ಕಟ್ಟೆ ಬೋಳಾಗಿತ್ತು.

ಗಾಳಿ ಹೊಡೆದುಕೊಂಡು ಹೋಗಿದೆ ಎಂದುಕೊಂಡ. ನೆಲದ ಮೇಲೆ ತಡಕಾಡಿದ, ಕುರ್ಚಿಯ ಕೆಳಗೆ ತಡಕಾಡಿದ, ಕೊನೆಗೆ ತಲೆಯೊಳಗೆ ತಡಕಾಡಿದ. ಏಳು? ಎಂಟು? ಒಂಬತ್ತು? ಎಂಟು ನಡುವಿನದು; ನಡುದಾರಿ ಹಿಡಿದವನು ಎರಡೂ ಚರಂಡಿಗೆ ಬೀಳುವುದಿಲ್ಲ ಎಂಬ ತತ್ತ್ವದ ಮೇಲೆ ಎಂಟೆಂದು ತೀರ್ಮಾನಿಸಿದ. ಉಳಿದ ನೀರು ಏಳು ಲೋಟ ಮತ್ತು ಎಂಟು ಮಿಲಿಮೀಟರ್ ಆಯಿತು. ಎಂಟೂ ಏಳೂ ಹದಿನೈದು. ಹದಿನೈದು ಲೋಟಕ್ಕೆ ಮುನ್ನೂರು, ಮೇಲೆ ಎಂಟು. ಮುನ್ನೂರೆಂಟನ್ನು ದಾಖಲೆ ಪುಸ್ತಕದಲ್ಲಿ ಬರೆದ. ಮೇಲಿನ ಕಚೇರಿಯಿಂದ ಪ್ರಶಂಸಾಪತ್ರ ಬಂತು. ಪತ್ರಿಕೆಯಲ್ಲಿ ಅವನ ಫೋಟೊ ಬಂತು. ಇಷ್ಟೆಲ್ಲ ಬಂದ ಮೇಲೆ ಸತ್ಯ ಬರಲು ಜಾಗವೆಲ್ಲಿ? ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಆದರೆ ಒಳಗೊಳಗೇ ಒಂದು ಹುಳ ಕೊರೆಯುತ್ತಲೇ ಇತ್ತು: ಅದಕ್ಕೂ ಮೊದಲಿನ ದಾಖಲೆ ಬರೀ ಇನ್ನೂರ ಹನ್ನೊಂದು; ನಾನು ಹೆಚ್ಚೇ ಬರೆದುಬಿಟ್ಟೆನೋ ಏನೋ. ಆ ಭಯಕ್ಕೇ ಇರಬೇಕು, ಅವನು ಆ ಅಂಕಿಯನ್ನು ವರ್ಷಾವರ್ಷ ಇನ್ನಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದದ್ದು.

ಈಗ ಅತ್ತ ದರಿ, ಇತ್ತ ಪುಲಿ. ಸಹಿ ಹಾಕಿದರೆ ಗೊತ್ತಿಲ್ಲದ್ದನ್ನು ಗೊತ್ತೆಂದು ಬರೆದು, ಅದರ ಮೇಲೆ ಗೋಡೆ ಕಟ್ಟಿಸಿ, ಗೋಡೆಯ ಹಿಂದೆ ಮೊಮ್ಮಗಳ ತೊಟ್ಟಿಲಿಟ್ಟಂತೆ. ನಿಜ ಹೇಳಿದರೆ ಅಂಕಿಯೇ ರದ್ದು. ಆರಡಿ ಹೋಗಿ ನಾಲ್ಕಡಿ. ಸುಳ್ಳು ಹೇಳಿದರೆ ಎತ್ತರ, ನಿಜ ಹೇಳಿದರೆ ತಗ್ಗು. ಇಂಥ ವಿಚಿತ್ರ ತಕ್ಕಡಿಯನ್ನು ಅವನು ಕಂಡಿರಲಿಲ್ಲ.

ಹನ್ನೊಂದು ಗಂಟೆಗೆ ಅವನು ನಮೂನೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು ಪೆನ್ನು ತೆರೆದ. ಹನ್ನೊಂದೂವರೆಗೆ ಮುಚ್ಚಿದ. ಹನ್ನೆರಡಕ್ಕೆ ಪಶ್ಚಿಮದಲ್ಲಿ ಮೋಡ ಕಟ್ಟಿತು. ಸಾಮಾನ್ಯ ಮೋಡವಲ್ಲ, ಬುಡ ಸೀಸದ ಬಣ್ಣ, ತಲೆ ಹೂಕೋಸಿನಂತೆ ಬಿಚ್ಚಿಕೊಂಡದ್ದು. ನೌಕರಿಯುದ್ದಕ್ಕೂ ಆಕಾಶದ ಮುಖ ನೋಡಿ ಸಂಬಳ ತೆಗೆದುಕೊಂಡವನಿಗೆ ಅದರ ಮನಸ್ಸು ಓದಲು ಕನ್ನಡಕ ಬೇಕಿರಲಿಲ್ಲ. ಹನ್ನೆರಡೂವರೆಗೆ ಮೊದಲ ಹನಿಗಳು ಕಿಟಕಿಯ ತಗಡಿನ ಮೇಲೆ ಕಲ್ಲೆಸೆದಂತೆ ಬಿದ್ದವು. ಆಗಸ್ಟ್ ಹದಿನೇಳು ತನ್ನ ಹಳೆಯ ಸಾಕ್ಷಿಯನ್ನು ವಿಚಾರಿಸಿಕೊಳ್ಳಲು ಖುದ್ದು ಬಂದಂತಿತ್ತು.

ಮಗಳ ಫೋನು ಬಂತು. ಹಳ್ಳ ಕೆಂಪಗಾಗಿದೆಯಂತೆ, ಇನ್ನೂ ದಡದೊಳಗೇ ಇದೆಯಂತೆ, ಯಂತ್ರಗಳನ್ನು ಮೇಜಿನ ಮೇಲೆ ಎತ್ತಿಡಿಸುತ್ತಿದ್ದಾಳಂತೆ. ಕೊನೆಗೆ ಅವಳು ಕೇಳಿದ್ದು: “ಅಪ್ಪ, ಆ ಗೋಡೆ ಕೆಲಸ ಇವತ್ತೇ ಮುಗಿಯುತ್ತೆ ತಾನೆ? ನಿನ್ನ ಸಹಿ ಒಂದೇ ಬಾಕಿ ಅಂತೆ?”

ಹೂಂ ಎಂದು ಫೋನಿಟ್ಟವನು ಊಟಕ್ಕೆ ಕೂತ. ಒಂದು ತುತ್ತೂ ಒಳಗೆ ಹೋಗಲಿಲ್ಲ. ಹೆಂಡತಿ ಎದುರಿಗೆ ಕೂತು ನೋಡಿದಳು. ನಲವತ್ತು ವರ್ಷ ಅವನು ಆಕಾಶ ನೋಡಿದ್ದರೆ ಅವಳು ಅವನನ್ನು ನೋಡಿದ್ದಳು. ಯಾವ ಮೋಡ ಸುರಿಯುವುದು, ಯಾವುದು ಬರೀ ಗುಡುಗುವುದು ಎಂಬುದು ಅವಳಿಗೂ ಗೊತ್ತು.

“ನಿನ್ನೆ ಸಂಜೆಯಿಂದ ನೋಡ್ತಾ ಇದ್ದೀನಿ” ಎಂದಳು. “ಹೊಟ್ಟೇಲಿ ಏನೋ ಇಟ್ಕೊಂಡಿದ್ದೀರಿ. ಅದಕ್ಕೇ ಊಟಕ್ಕೆ ಜಾಗ ಇಲ್ಲ.”

ಅವನು ಹೇಳಿದ. ಬಾಟಲಿ, ಲೋಟ, ಬಕೆಟ್ಟು, ಕಾವಲುಗಾರ, ಗೋಡೆ, ಕಡ್ಡಿ, ಗಾಳಿ, ಎಂಟು. ನಲವತ್ತು ವರ್ಷ ಮುಚ್ಚಿಟ್ಟದ್ದು ಹೇಳಲು ನಾಲ್ಕು ನಿಮಿಷ ಸಾಕಾಯಿತು. ಹೇಳಿ ಮುಗಿಸಿ, ಸಿಡಿಲು ಹೊಡೆಯುವುದೆಂದು ಕಾಯುತ್ತ ತಟ್ಟೆ ನೋಡಿಕೊಂಡು ಕೂತ.

ಸಿಡಿಲು ಹೊಡೆಯಲಿಲ್ಲ. ಅವಳು ತಣ್ಣಗೆ ಕೇಳಿದಳು: “ಕಿಟಕಿ ಒಳಗಡೆ ಕಟ್ಟೆ ಮೇಲೆ? ಸಾಲಾಗಿ? ತಲೆ ಎಲ್ಲಾ ಒಂದೇ ಕಡೆ?”

“ಹೂಂ.”

“ಅವನ್ನ ಗಾಳಿ ತಗೊಂಡು ಹೋಗ್ಲಿಲ್ಲ. ನಾನು ತಗೊಂಡೆ.”

ಹೊರಗೆ ಮಳೆ ಜೋರಾಯಿತು. ಅವನಿಗೆ ಅದು ಕೇಳಿಸಲಿಲ್ಲ.

ಆ ಬೆಳಿಗ್ಗೆ ಅಡುಗೆಮನೆಯ ಸೂರು ಸೋರಿ ಬೆಂಕಿಪೊಟ್ಟಣಗಳೆಲ್ಲ ಗಂಜಿಯಾಗಿದ್ದವು. ಒಲೆ ಹಚ್ಚಲು ಕಡ್ಡಿ ಕೇಳೋಣವೆಂದು ಅವಳು ಕಚೇರಿಗೆ ಬಂದರೆ ಗಂಡ ಇಲ್ಲ, ಕಟ್ಟೆಯ ಮೇಲೆ ಒಣಕಡ್ಡಿಗಳು ಓರಣವಾಗಿ ಮಲಗಿವೆ. “ನನಗೋಸ್ಕರ ಒಣಗೋಕೆ ಹಾಕಿ ಹೋಗಿದ್ದೀರಿ ಅಂದ್ಕೊಂಡೆ. ಎಷ್ಟು ಯೋಚನೆ ಮಾಡ್ತಾನಪ್ಪ ನನ್ನ ಗಂಡ ಅಂತ ಖುಷಿಯಾಯ್ತು. ಇವತ್ತಿನವರೆಗೂ ಅದನ್ನ ನಿಮ್ಮ ಒಳ್ಳೇತನದ ಲೆಕ್ಕದಲ್ಲಿ ಬರ್ಕೊಂಡಿದ್ದೆ. ಈಗ ಅದನ್ನೂ ಹೊಡೆದು ಹಾಕ್ಬೇಕು.”

“ಎಷ್ಟಿದ್ವು?” ಅವನು ತಟ್ಟೆ ಸರಿಸಿ ಮುಂದಕ್ಕೆ ಬಾಗಿದ.

“ಅದನ್ನ ನೀವು ಕೇಳ್ತೀರಾ?” ಅವಳ ಕಣ್ಣು ಕಿರಿದಾಯಿತು. “ಅದೇ ಹನ್ನೊಂದು ಕಡ್ಡಿ.”

ಅದೇ ಹನ್ನೊಂದು. ಆ ಮನೆಯ ಗೋಡೆಗಳಿಗೂ ಗೊತ್ತಿದ್ದ ಅಂಕಿ ಅದು. ಹೊಸ ಸಂಸಾರದ ಮೊದಲ ಜಗಳ ನಡೆದದ್ದೇ ಅದರ ಮೇಲೆ. ನೆರೆ ಬಂದು ಅಂಗಡಿಗಳು ಮೂರು ದಿನ ಬಾಗಿಲು ಮುಚ್ಚಿದಾಗ ಹನ್ನೊಂದು ಕಡ್ಡಿಯಲ್ಲಿ ಒಲೆ, ದೀಪ ಎಲ್ಲ ನಡೆಸಿದವಳು ಅವಳು. ನೆನೆದ ಪೊಟ್ಟಣದ ಬದಿಯ ಗೀರುವ ಪಟ್ಟಿಯನ್ನು ಹರಿದು ಮೈಗೊತ್ತಿಕೊಂಡು ಒಣಗಿಸಿ, ಕಡ್ಡಿಗಳ ಜೊತೆ ತಗಡಿನ ಡಬ್ಬಿಯಲ್ಲಿಟ್ಟು, ಜಿಪುಣಿಯಂತೆ ಒಂದೊಂದನ್ನೇ ಗೀರಿದ್ದಳು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಒಂದು ಕಡ್ಡಿ ಕಡಿಮೆ. ನೀವು ತಗೊಂಡ್ರಾ ಎಂದು ಕೇಳಿದ್ದಕ್ಕೆ ಹೊಸ ಗಂಡ ಹುಬ್ಬೇರಿಸಿ, ಇದ್ದದ್ದೇ ಹತ್ತು, ನಿಂಗೆ ಎಣಿಸೋಕೆ ಬರಲ್ಲ ಎಂದಿದ್ದ. ಅವಳು ಅತ್ತಿದ್ದಳು. ಆಮೇಲೆ ನಲವತ್ತು ವರ್ಷ, ಬೇಸರವಾದಾಗಲೆಲ್ಲ ಅವಳು ಹನ್ನೊಂದು ಎನ್ನುವುದು, ಅವನು ಹತ್ತು ಎನ್ನುವುದು. ಹೀಗೇ ಸಂಸಾರ ಸಾಗಿ ಬಂದಿತ್ತು. ಸಾವಿರ ಸಲ ಆಡಿದ ಈ ಜಗಳದಲ್ಲಿ ಒಂದೇ ಒಂದು ಸಲ, ಆ ಕಡ್ಡಿ ನಿಂಗೆ ಎಲ್ಲಿಂದ ಬಂತೇ ಎಂದು ಕೇಳಲು ಅವನಿಗೆ ತೋಚಿರಲಿಲ್ಲ. ಎಣಿಕೆ ಕಳೆದುಕೊಂಡೆನೆಂದು ಅವಳಿಗೆ ಹೇಳಿದ್ದರೆ ಅದೇ ದಿನ ಉತ್ತರ ಸಿಗುತ್ತಿತ್ತು. ಉತ್ತರ ಅಡುಗೆಮನೆಯ ಡಬ್ಬಿಯಲ್ಲೇ ಇತ್ತು.

ಅವನು ಎದ್ದು ಕುಣಿಯಬೇಕಿತ್ತು. ಬದಲಿಗೆ, ನಲವತ್ತು ವರ್ಷದ ಅಭ್ಯಾಸಬಲದಿಂದ ಬಾಯಿ ತಾನಾಗಿ ತೆರೆದುಕೊಂಡಿತು:

“ಹತ್ತು ಕಣೇ.”

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಎರಡು ಗಂಟೆಯೂ ಆಗಿರಲಿಲ್ಲ. ಎಂಜಿನಿಯರ್ ನೀರು ಸುರಿಸುತ್ತ ನಿಂತಿದ್ದಳು, ಕಡತವನ್ನು ಮಳೆಯಂಗಿಯೊಳಗೆ ಮಗುವಿನಂತೆ ಅಪ್ಪಿಕೊಂಡು. ಸೇತುವೆಯ ಮೇಲೆ ಸಂಚಾರ ಯಾವಾಗ ನಿಲ್ಲುತ್ತದೋ ಗೊತ್ತಿಲ್ಲ, ಅದಕ್ಕೇ ಬೇಗ ಬಂದೆ, ಸಹಿ ಕೊಟ್ಟುಬಿಡಿ ಎಂದಳು.

ಹೆಂಡತಿ ಆಕೆಗೊಂದು ಒಣ ಟವೆಲನ್ನೂ ಗಂಡನಿಗೊಂದು ನೋಟವನ್ನೂ ಕೊಟ್ಟಳು. ಅವನು ಪೆನ್ನು ಕೆಳಗಿಟ್ಟು, ಎರಡನೇ ಸಲ, ಎಲ್ಲವನ್ನೂ ಹೇಳಿದ. ಎರಡನೇ ಸಲ ಸುಲಭವಾಗುತ್ತದೆಂದು ಯಾರೋ ಹೇಳಿದ್ದು ಸುಳ್ಳು. ಎಂಜಿನಿಯರ್ ಮುಖದ ನಗು ಒಂದೊಂದೇ ಲೋಟದಂತೆ ಖಾಲಿಯಾಗುತ್ತ ಬಂತು.

“ಅಂದ್ರೆ ಸಹಿ ಹಾಕಲ್ಲ.”

“ಮುನ್ನೂರೆಂಟಕ್ಕೆ ಹಾಕಲ್ಲ. ಕಡ್ಡಿ ಎಣಿಸಿದವರು ಬೇರೆ ಇದ್ದಾರೆ.”

ಎಂಜಿನಿಯರ್ ಹೆಂಡತಿಯ ಕಡೆ ತಿರುಗಿದಳು. ಕಡತ ತೆರೆದು, ಬಿಳಿಹಾಳೆ ತೆಗೆದು, ಪೊಲೀಸರಂತೆ ಪ್ರಶ್ನೆ ಹಾಕಿದಳು. ನಲವತ್ತು ವರ್ಷದ ಹಿಂದಿನ ಕಡ್ಡಿಗಳು ಹೇಗೆ ನೆನಪಿರುತ್ತವೆ? ಹೆಂಡತಿ ಬೆರಳು ಮಡಚಿದಳು. ಒಂದು, ಅವತ್ತಿನ ಚಹಾಕ್ಕೆ. ಎರಡು, ಸಂಜೆಯ ದೀಪಕ್ಕೆ. ಮೂರನೆಯದು ಗೀರುವಾಗ ಮುರಿಯಿತು, ನಾಲ್ಕನೆಯದು ಹೊತ್ತಿದ್ದು ಗಾಳಿಗೆ ಸತ್ತಿತು, ಆಗ ಬೈದುಕೊಂಡದ್ದೂ ನೆನಪಿದೆ. ಐದು, ಮಾರನೇ ಬೆಳಿಗ್ಗೆ. ಹೀಗೆ ಮೂರನೇ ದಿನದ ಸಂಜೆಗೆ ಬಂದು ಅವಳ ಬೆರಳು ಹತ್ತರಲ್ಲಿ ನಿಂತಿತು.

“ಹನ್ನೊಂದನೇದು?”

“ಅದು ಡಬ್ಬಿಯಿಂದ ಮಾಯ ಆಯ್ತು. ಇಟ್ಟದ್ದು ಹನ್ನೊಂದು. ಇವರು ಹತ್ತು ಅಂತಾರೆ.”

ಎಂಜಿನಿಯರ್ ಪೆನ್ನನ್ನು ಹಾಳೆಯಿಂದ ಮೇಲೆತ್ತಿದಳು. “ನೋಡಿ, ಹತ್ತಾದ್ರೆ ಮುನ್ನೂರ ನಲವತ್ತೆಂಟು. ಹನ್ನೊಂದಾದ್ರೆ ಮುನ್ನೂರ ಅರವತ್ತೆಂಟು. ಯಾವುದಾದ್ರೂ ಒಂದು ಬರೀಬಹುದು. ಆದ್ರೆ ಸಾಕ್ಷಿಗಳೇ ಇಬ್ಬರು, ಇಬ್ಬರೂ ಬೇರೆ ಬೇರೆ ಹೇಳಿದ್ರೆ ನಾನು ಯಾವುದನ್ನೂ ಬರಿಯೋ ಹಾಗಿಲ್ಲ. ಇನ್ನೂರ ಹನ್ನೊಂದೇ ಗತಿ.”

ಮುನ್ನೂರ ಅರವತ್ತಾರು ಪೆಟ್ಟಿಗೆಗಳು ಉಸಿರು ಬಿಗಿಹಿಡಿದಂತಿತ್ತು. ಗಂಡನ ಹಣೆಯ ಮೇಲೆ ಬೆವರು ಮೂಡಿತು. ಎಣಿಕೆ ತಪ್ಪಿದೆನೆಂದು ಒಪ್ಪಿಕೊಂಡಾಗಲೂ ಹೀಗೆ ಬೆವರಿರಲಿಲ್ಲ. ಒಂದು ದಾಖಲೆ ಹೋದದ್ದಾಯಿತು. ಇನ್ನೊಂದು ಈಗ ಆ ಕಡ್ಡಿಯ ತುದಿಯಲ್ಲಿತ್ತು.

ಫೋನು ಹೊಡೆದುಕೊಂಡಿತು. ಮಗಳು. ನೀರು ಮೊದಲ ಮೆಟ್ಟಿಲು ಹತ್ತಿದೆಯಂತೆ. ತೊಟ್ಟಿಲನ್ನು ಪಕ್ಕದವರ ಮಹಡಿಗೆ ಸಾಗಿಸಿದ್ದಾಳಂತೆ. ಮಗು ಎಚ್ಚರವೇ ಆಗಿಲ್ಲವಂತೆ. “ಭಯ ಇಲ್ಲಪ್ಪ, ಇವತ್ತು ಇಷ್ಟಕ್ಕೇ ನಿಲ್ಲಬಹುದು” ಎಂದಳು. ಇವತ್ತು ಎಂಬ ಮಾತನ್ನು ಸ್ವಲ್ಪ ಒತ್ತಿ ಹೇಳಿದಂತೆ ಅವನಿಗೆ ಕೇಳಿಸಿತು.

ಅವನು ಫೋನಿಟ್ಟ. ಹೆಂಡತಿಯ ಮುಖ ನೋಡಲಿಲ್ಲ. ಎಂಜಿನಿಯರ್‌ಳ ಕೆಸರು ಬೂಟನ್ನು ನೋಡುತ್ತ ಹೇಳಿದ:

“ಹನ್ನೊಂದು. ಒಂದನ್ನ ನಾನು ತಗೊಂಡೆ.”

“ಯಾಕೆ?” ಎಂದು ಕೇಳಿದ್ದು ಎಂಜಿನಿಯರ್. ಹೆಂಡತಿ ಕೇಳಲಿಲ್ಲ, ಅವಳು ಕುರ್ಚಿಯ ಅಂಚಿಗೆ ಸರಿದು ಕೂತಳು.

“ಸಿಗರೇಟಿಗೆ. ಟೋಪಿಯೊಳಗೆ ಒಂದು ಒಣಗಿದ್ದು ಉಳಿದಿತ್ತು. ಮೂರನೇ ದಿನ ಬೆಳಗಿನ ಜಾವ, ಇವಳು ಏಳೋಕೆ ಮುಂಚೆ. ಥರ್ಮಾಮೀಟರ್ ಪೆಟ್ಟಿಗೆ ಕೆಳಗೆ ನಿಂತ್ಕೊಂಡು ಸೇದಿದೆ.”

“ಆ ದಿನದ ಉಷ್ಣಾಂಶಾನೂ ನಾವು ಒಂದ್ಸಲ ನೋಡ್ಬೇಕಾ ಸರ್?” ಎಂದಳು ಎಂಜಿನಿಯರ್, ಬರೆಯುತ್ತಲೇ.

ಬರೆದು ಮುಗಿಸಿ ಆಕೆ ಕಡತದಿಂದ ಇನ್ನೊಂದು ಹಾಳೆ ಎಳೆದಳು. ಆಗಲೇ ತಿಳಿದದ್ದು, ಮೇಲಿನ ಕಚೇರಿಯ ಆ ಪ್ರಶ್ನೆ ಚಿಹ್ನೆಯ ಅರ್ಥ. ಹಿಟ್ಟಿನ ಗಿರಣಿಯ ಗೋಡೆಯ ಮೇಲೆ, ಅಂದಿನ ಮಾಲೀಕ ನೆರೆ ಇಳಿದ ಮಾರನೇ ದಿನ ಬಣ್ಣದಲ್ಲಿ ಎಳೆದ ಗೆರೆಯೊಂದಿದೆ. ನೀರು ನಿಂತ ಗುರುತು. ಮುನ್ನೂರೆಂಟು ಮಿಲಿಮೀಟರಿನ ಮಳೆಗೆ ನೀರು ಗಿರಣಿಯ ಕಿಟಕಿಯ ತಳಕ್ಕೆ ಬರಬೇಕು. ಗೆರೆ ಇರುವುದು ಆ ತಳಕ್ಕಿಂತ ಒಂದು ಮೊಳ ಮೇಲೆ. ಗೆರೆ ಸುಳ್ಳೋ, ಅಂಕಿ ಸುಳ್ಳೋ ಎಂಬುದೇ ಪ್ರಶ್ನೆಯಾಗಿತ್ತು. ಸಾಕ್ಷಿಗಳಿಗೆ ಸುಳಿವು ಸಿಗಬಾರದೆಂದು ಆಕೆ ಬೇಕೆಂದೇ ಬಾಯಿ ಬಿಟ್ಟಿರಲಿಲ್ಲ. ಈಗ ಹೊಸ ಅಂಕಿಯನ್ನು ಲೆಕ್ಕಕ್ಕೆ ಹಾಕಿ ನೋಡಿದಳು. ಮತ್ತೊಮ್ಮೆ ಹಾಕಿದಳು. ಹಾಳೆಯನ್ನು ಅವನ ಕಡೆ ತಿರುಗಿಸಿದಳು. ನೀರು ಗೆರೆಯ ಹತ್ತಿರಕ್ಕೆ, ಮೂರು ಬೆರಳಿನಷ್ಟು ಅಂತರಕ್ಕೆ ಬಂದು ನಿಂತಿತ್ತು.

“ಜಾಸ್ತಿ ಬರೆದೆ ಅಂತ ಹೆದರ್ಕೊಂಡಿದ್ದೆನಲ್ಲ” ಎಂದ ಅವನು, ತನಗೆ ತಾನೇ ಎಂಬಂತೆ.

“ಜಾಸ್ತಿ ಅಂತ ನಾನು ಯಾವಾಗ ಹೇಳ್ದೆ ಸರ್? ಕಮ್ಮಿ ಬರೆದಿದ್ರಿ. ಗೋಡೆ ಈಗ ಏಳೂವರೆ ಅಡಿ.”

ಹಳೆಯ ದಾಖಲೆ ಪುಸ್ತಕದ ಆ ಪುಟವನ್ನು ಆಕೆ ಜೊತೆಗೇ ತಂದಿದ್ದಳು. ಅಂಕಿ ತಿದ್ದುವುದಕ್ಕೆ ಕೇಂದ್ರದವರದ್ದೊಂದು ಕಟ್ಟುನಿಟ್ಟು ಕ್ರಮವಿದೆ: ಉಜ್ಜಬಾರದು, ಗೀಚಬಾರದು. ಕೆಂಪು ಶಾಯಿಯಲ್ಲಿ ಒಂದೇ ಒಂದು ಗೆರೆ. ತಪ್ಪು ಯಾವತ್ತೂ ಓ‍ದುವಂತೆಯೇ ಇರಬೇಕು, ಸರಿ ಅದರ ತಲೆಯ ಮೇಲೆ ಕೂರಬೇಕು. ವರ್ಷಗಟ್ಟಲೆ ತನ್ನ ಕೈಕೆಳಗಿನವರಿಗೆ ಅವನೇ ಕಲಿಸಿದ ಪಾಠ. ಅವನು ಮುನ್ನೂರೆಂಟರ ಮೇಲೆ, ಅಂದರೆ ತನ್ನ ಹೆಸರಿನ ಮೇಲೆ, ನೇರವಾಗಿ ಒಂದು ಗೆರೆ ಎಳೆದ. ಮೇಲೆ ಮುನ್ನೂರ ಅರವತ್ತೆಂಟು ಎಂದು ಬರೆದು ಸಹಿ ಹಾಕಿದ.

ಆಧಾರ ಎಂಬ ಜಾಗದಲ್ಲಿ ಎಂಜಿನಿಯರ್ ‘ಹನ್ನೊಂದು ಬೆಂಕಿಕಡ್ಡಿ, ಗಿರಣಿಯ ಗೋಡೆಯ ಗುರುತು’ ಎಂದು ಬರೆದಳು. ಪಕ್ಕದಲ್ಲಿ ಸಾಕ್ಷಿಯ ಸಹಿಗೆ ಹೆಂಡತಿಯ ಮುಂದೆ ಪೆನ್ನು ಹಿಡಿದಳು.

ಹೆಂಡತಿ ಪೆನ್ನು ತೆಗೆದುಕೊಂಡಳು. ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ, ಅವಸರವಿಲ್ಲದೆ, ಎರಡು ಸಲ ಓದಿದಳು. ಹೊರಗೆ ಮಳೆಯ ಸದ್ದು ಸ್ವಲ್ಪ ಸಣ್ಣದಾಗಿತ್ತು.

“ಸಿಗರೇಟಿನ ಮಾತು ಇದರಲ್ಲಿ ಇಲ್ಲ” ಎಂದಳು.

“ಅದು ಬೇಕಾಗಲ್ಲ ಅಮ್ಮ. ಕಡ್ಡಿಯ ಸಂಖ್ಯೆ ಸಾಕು.”

“ನಿನಗೆ ಸಾಕು” ಎಂದಳು ಹೆಂಡತಿ, ಹಾಳೆಯನ್ನು ಹಿಂದಕ್ಕೆ ತಳ್ಳುತ್ತ. “ಬರ್ಕೊಳ್ಳಮ್ಮ. ತಾರೀಖು ಸಮೇತ ಬರ್ಕೊ. ಆಮೇಲೆ ನಾನು ಸಹಿ ಹಾಕ್ತೀನಿ.”